ಮೇನ್‌ಫ್ರೇಮ್‌ನಲ್ಲಿ (ದೊಡ್ಡ ಸಂಸ್ಥೆಗಳು ಬಳಸುವ ಭಾರೀ ಕಂಪ್ಯೂಟರ್) ಹಾರ್ಡ್‌ವೇರ್ ದೋಷದ ಇಂಟರಪ್ಟ್‌ಗಳನ್ನು, ಅಂದರೆ ಪ್ರೊಸೆಸರ್‌ನ ಕೆಲಸ ತಡೆದು ಬರುವ ಸೂಚನೆಗಳನ್ನು, ನಾವೇ ಹತೋಟಿಯಲ್ಲಿ ಇಡಬಹುದಾ?

ಇಡಬಹುದು. ಐಬಿಎಂ ಮೇನ್‌ಫ್ರೇಮ್‌ಗಳ ಆಪರೇಟಿಂಗ್ ಸಿಸ್ಟಮ್ ಆದ ಝಡ್/ಓಎಸ್‌ನಲ್ಲಿ ಇದಕ್ಕೆಂದೇ 'ಮೋಡ್' ಎಂಬ ಆಪರೇಟರ್ ಕಮಾಂಡ್ ಇದೆ. ಯಾವ ಬಗೆಯ ದೋಷವನ್ನು ದಾಖಲಿಸಬೇಕು, ಎಷ್ಟು ಸೆಕೆಂಡಿನೊಳಗೆ ಎಷ್ಟು ಸಲ ಬಂದರೆ ಸಿಸ್ಟಮ್ ಕ್ರಮ ತೆಗೆದುಕೊಳ್ಳಬೇಕು ಅನ್ನೋದನ್ನು ಅದರಲ್ಲಿ ಹೇಳುತ್ತೀರಿ.

ಯಂತ್ರದಲ್ಲೇ ಏನೋ ಕೆಟ್ಟಾಗ ಪ್ರೊಸೆಸರ್ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ದೋಷದ ವಿವರವನ್ನು ಮೆಮೊರಿಯ ಗೊತ್ತಾದ ಜಾಗದಲ್ಲಿ ಬರೆದು, ಆಪರೇಟಿಂಗ್ ಸಿಸ್ಟಮ್‌ಗೆ ಸುದ್ದಿ ಮುಟ್ಟಿಸುತ್ತದೆ. ಇದೇ ಮೆಷಿನ್ ಚೆಕ್. ಇದರಲ್ಲಿ ಎರಡು ಜಾತಿ. ಸಾಫ್ಟ್ ದೋಷ ಅಂದರೆ ಹಾರ್ಡ್‌ವೇರ್ ತಾನೇ ಸರಿಮಾಡಿಕೊಂಡಿದೆ, ಸುಮ್ನೆ ತಿಳಿಸುತ್ತಿದೆ ಅಷ್ಟೇ. ಹಾರ್ಡ್ ದೋಷ ಅಂದರೆ ನಡೆಯುತ್ತಿದ್ದ ಕೆಲಸಕ್ಕೇ ಪೆಟ್ಟು ಬಿದ್ದಿರಬಹುದು.

ಮಿತಿ ಮೀರಿದಾಗ ಆಗುವುದೂ ಬೇರೆ ಬೇರೆ. ಸಾಫ್ಟ್ ದೋಷವಾದರೆ ಸಿಸ್ಟಮ್ ಆ ಬಗೆಯ ಇಂಟರಪ್ಟ್‌ನ ಬಾಯಿ ಮುಚ್ಚಿಸುತ್ತದೆ: ಪ್ರೊಸೆಸರ್‌ನೊಳಗೆ ಇಂಥ ಸೆಟ್ಟಿಂಗ್ ಇಡುವ ಪುಟ್ಟ ಜಾಗವಾದ ಕಂಟ್ರೋಲ್ ರಿಜಿಸ್ಟರ್ 14ರಲ್ಲಿ ಅದಕ್ಕೆ ಸಂಬಂಧಿಸಿದ ಬಿಟ್ ಆಫ್ ಮಾಡಿದರೆ ಸಾಕು. ಇಲ್ಲದಿದ್ದರೆ ದೂರು ಕೇಳುವುದರಲ್ಲೇ ಪ್ರೊಸೆಸರ್‌ನ ಸಮಯ ಹೋಗುತ್ತದೆ, ಅಲ್ವಾ? ಹಾರ್ಡ್ ದೋಷಗಳು ಪದೇಪದೇ ಬಂದರೆ ಆ ಪ್ರೊಸೆಸರನ್ನೇ ಆಫ್‌ಲೈನ್ ಮಾಡಿ, ಉಳಿದವುಗಳ ಮೇಲೆ ಕೆಲಸ ಮುಂದುವರಿಸುತ್ತದೆ.

ಮಿತಿಯನ್ನು ತೀರಾ ಜಾಸ್ತಿ ಇಡಬೇಡಿ. ಹದಗೆಟ್ಟ ಪ್ರೊಸೆಸರ್ ಅಷ್ಟು ಹೊತ್ತು ಕೆಲಸದಲ್ಲೇ ಇರುತ್ತದೆ. ಏನಾದರೂ ಬದಲಿಸುವ ಮುಂಚೆ 'ಮೋಡ್ ಸ್ಟೇಟಸ್' ಕೊಟ್ಟು ಈಗಿನ ಸೆಟ್ಟಿಂಗ್ ನೋಡಿಕೊಳ್ಳಿ.