5 ಅಡಿ ಕಿಟಕಿಗೆ ಎರಡು ಪರದೆ ಸಾಕೇ?

ನಿಮ್ಮ ತುಮಕೂರಿನ ಮನೆಯ 5 ಅಡಿ ಅಗಲದ ಕಿಟಕಿಗೆ 4 ಅಡಿ ಅಗಲದ ಎರಡು ಪರದೆ ಸಾಕೆಂದು ಅಂಗಡಿಯವರು ಹೇಳಿದ್ದಾರೆ ಎಂದಿರಿ. ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಡಿ. ಅಳೆಯಬೇಕಾದದ್ದು ಕಿಟಕಿಯನ್ನಲ್ಲ, ಪರದೆ ತೂಗುವ ಸರಳನ್ನು. ಸರಳು ಎರಡೂ ಬದಿಗೆ ಅರ್ಧರ್ಧ ಅಡಿ ಚಾಚಿದರೆ 6 ಅಡಿ. ನೆರಿಗೆ ತುಂಬಿ ಬೀಳಲು ಬಟ್ಟೆ ಅದರ ಎರಡರಷ್ಟು, ಅಂದರೆ 12 ಅಡಿ ಬೇಕು. ಎರಡೇ ಪರದೆ ಹಾಕಿದರೆ ಮುಚ್ಚಿದಾಗ ಒಗೆದು ಒಣಹಾಕಿದ ಬೆಡ್‌ಶೀಟಿನಂತೆ ಚಪ್ಪಟೆಯಾಗಿ ಕಾಣುತ್ತದೆ.

ಮೂರು ಪರದೆ ಕೊಳ್ಳಿ. ಮೂರನೆಯದನ್ನು ಉದ್ದಕ್ಕೆ ಸೀಳಿಸಿ, ಒಂದೊಂದು ಭಾಗವನ್ನು ಉಳಿದೆರಡಕ್ಕೆ ದರ್ಜಿಯ ಕೈಯಲ್ಲಿ ಸೇರಿಸಿ. ನಮ್ಮ ಮನೆಯಲ್ಲೂ ಹೀಗೆಯೇ ಮಾಡಿಸಿದೆವು. ಹೊಲಿಗೆ ನೆರಿಗೆಯ ಒಳಮಡಿಕೆಯಲ್ಲಿ ಅಡಗಿದೆ, ಹುಡುಕಿದರೂ ಕಾಣದು. ಪರದೆಗೆ ಸರಳು ತೂರುವ ಉಂಗುರ ಕೂರಿಸಿದ್ದರೆ, ಸೇರಿಸಿದ ಮೇಲೆ ಒಂದೊಂದು ಪರದೆಯಲ್ಲೂ ಅವು ಸಮಸಂಖ್ಯೆಯಲ್ಲಿರಲಿ. ಆಗಲೇ ಎರಡೂ ಅಂಚುಗಳು ಗೋಡೆಯ ಕಡೆ ತಿರುಗುತ್ತವೆ.

ತೆಳು ಜಾಲರಿ ಬಟ್ಟೆಯಾದರೆ ಎರಡೂವರೆಯಿಂದ ಮೂರು ಪಟ್ಟು ಬೇಕು. ದಪ್ಪ ಬಟ್ಟೆಗೆ ಒಂದೂವರೆ ಪಟ್ಟಾದರೂ ನಡೆಯುತ್ತದೆ. ಪಶ್ಚಿಮದ ಕಿಟಕಿಯೆಂದಿರಲ್ಲ, ಏಪ್ರಿಲ್ ಬಿಸಿಲಿಗೆ ಒಳಗಡೆ ಅಸ್ತರಿ ಕೊಡಿಸಿ. ಹತ್ತಿಯ ಬಟ್ಟೆಯಾದರೆ ಹೊಲಿಸುವ ಮುನ್ನ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ.