ಪ್ರಕರಣ: ರಾತ್ರಿ ಮಾತ್ರ ಉಣ್ಣುತ್ತಿದ್ದ ತಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 41, ಗಾರ್ಮೆಂಟ್ಸ್‌ನಲ್ಲಿ ಟೇಲರ್. ಎತ್ತರ 152 ಸೆಂ.ಮೀ., ತೂಕ 74 ಕಿಲೋ, ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ) 32. ಮಂಡಿನೋವಿಗೆ ಔಷಧಿ ಕೇಳಲು ಹೋದವರನ್ನು ವೈದ್ಯರು ಆಹಾರದ ಸಲಹೆಗೆಂದು ನನ್ನ ಬಳಿ ಕಳುಹಿಸಿದ್ದರು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಾ, “ನಾನು ಹೆಚ್ಚೇನೂ ತಿನ್ನುವುದಿಲ್ಲ ಮೇಡಂ” ಎಂದರು.

ಹಗಲಿನ ಮಟ್ಟಿಗೆ ಅದು ನಿಜ. ಬೆಳಿಗ್ಗೆ ಏಳರ ಬಸ್ಸು ಹಿಡಿಯುವ ಧಾವಂತದಲ್ಲಿ ಬರೀ ಕಾಫಿ. ತೂಕ ಇಳಿಯಲೆಂದು ಮಧ್ಯಾಹ್ನದ ಡಬ್ಬಿಯನ್ನೂ ಬಿಟ್ಟಿದ್ದರು. ರಾತ್ರಿ ಹತ್ತಕ್ಕೆ, ಎಲ್ಲರ ಊಟ ಮುಗಿದ ಮೇಲೆ, ತಪ್ಪಲೆಯಲ್ಲಿ ಉಳಿದ ಅನ್ನ, ಮಕ್ಕಳು ಬಿಟ್ಟ ಬೋಂಡ ಎಲ್ಲವೂ ಅವರ ತಟ್ಟೆಗೆ. “ಚೆಲ್ಲಲು ಮನಸ್ಸು ಬರುವುದಿಲ್ಲ.” ಗಂಡ ಮಕ್ಕಳೆದುರೇ “ಡ್ರಮ್” ಎಂದು ಕರೆಯುತ್ತಾರಂತೆ, ಅಂದು ಇನ್ನೆರಡು ತುತ್ತು ಹೆಚ್ಚೇ ಸೇರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 24ರಷ್ಟು, ಪುರುಷರಲ್ಲಿ ಸುಮಾರು ಶೇ 23ರಷ್ಟು ಮಂದಿಯ ತೂಕ ಮಿತಿಮೀರಿದೆ. ಇಷ್ಟು ಜನರ ಕಾಯಿಲೆಗೆ ನಾಲಿಗೆ ಚಪಲವೊಂದೇ ಕಾರಣ ಎನ್ನುವುದು ಅನ್ಯಾಯ. ದಿನವಿಡೀ ಕೂತು ಮಾಡುವ ಕೆಲಸ, ಅಗ್ಗದ ಕರಿದ ತಿಂಡಿ, ಕೆಟ್ಟ ನಿದ್ದೆ ಇವೂ ಸೇರಿವೆ. ಅವಮಾನದಿಂದ ಯಾರ ತೂಕವೂ ಇಳಿದದ್ದನ್ನು ನಾನು ಕಂಡಿಲ್ಲ.

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ತಿಂಗಳಿಗೆ ಎಣ್ಣೆ ಎಷ್ಟು ತರುತ್ತೀರಿ ಎಂದಾಗ ಆರು ಲೀಟರ್ ಎಂದರು. ಮನೆಯಲ್ಲಿರುವುದು ನಾಲ್ವರು! ತಲೆಗೆ ದಿನಕ್ಕೆ 50 ಮಿ.ಲೀ. ಆಯಿತು. ತಿಂಗಳಿಗೆ ತಲೆಗೆ ಅರ್ಧ ಲೀಟರಿನ ಆಸುಪಾಸು ಸಾಕು. ಎರಡೇ ಲೀಟರ್ ತಂದು, ಮುಗಿದರೆ ಮತ್ತೆ ತರಬೇಡಿ ಎಂದೆ. “ಡ್ರಮ್ ಎಂಬ ಮಾತು ಇವತ್ತಿಗೇ ನಿಲ್ಲಬೇಕು” ಎಂದು ನೇರವಾಗಿಯೇ ಹೇಳಿದೆ. ಅವರು ತಲೆ ತಗ್ಗಿಸಿದರು.

ಆಕೆಗೆ ಹೇಳಿದ್ದು: ಉಪವಾಸ ಬೇಡ, ತೂಕ ಇಳಿಸುವ ಪುಡಿಯೂ ಬೇಡ. ಬಸ್ಸಿಗೆ ಮೊದಲು ಎರಡು ಇಡ್ಲಿಯಾದರೂ ತಿನ್ನಿ. ಡಬ್ಬಿಯಲ್ಲಿ ಕಾಳಿನ ಪಲ್ಯ ಹೆಚ್ಚಿರಲಿ, ಅನ್ನ ಕಡಿಮೆಯಿರಲಿ. ಮುದ್ದೆ ಬಿಡಬೇಕಾಗಿಲ್ಲ, ಗಾತ್ರ ಚಿಕ್ಕದಾಗಲಿ. ರಾತ್ರಿ ಎಂಟಕ್ಕೆ ಎಲ್ಲರ ಜೊತೆಯಲ್ಲೇ ಕೂತು ಉಣ್ಣಿ, ಉಳಿದದ್ದು ಫ್ರಿಜ್ಜಿಗೆ ಹೋಗಲಿ. ಮಂಡಿ ತಡೆಯುವಷ್ಟು ನಡೆಯಿರಿ. ವಾರಕ್ಕೆ 150 ನಿಮಿಷ ನಿಧಾನಕ್ಕೆ ಮುಟ್ಟೋಣ. ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದರೂ ಮಂಡಿಗೂ ರಕ್ತದೊತ್ತಡಕ್ಕೂ ಒಳ್ಳೆಯದು. ಸಕ್ಕರೆ, ಥೈರಾಯ್ಡ್ ಪರೀಕ್ಷೆಗೂ ಬರೆಸಿದೆ.

ಹೊರಡುವ ಮುನ್ನ ಗಂಡನ ಸೊಂಟವನ್ನೂ ಅಳೆದೆ. 98 ಸೆಂ.ಮೀ. ಭಾರತೀಯ ಪುರುಷರಿಗೆ ಮಿತಿ 90. ಅವರ ಹೆಸರಿನಲ್ಲೂ ಒಂದು ಕಡತ ತೆರೆದಿದ್ದೇನೆ.