ಹಿಂದಕ್ಕೆ ಸರಿದ ಟ್ಯಾಂಕ್: ಅಪರಾಧಿ ಭಾವದ ಒಂದು ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಎಪ್ಪತ್ತು ದಾಟಿದ ನಿವೃತ್ತ ನಾಯಬ್ ರಿಸಾಲ್ದಾರರು (ಟ್ಯಾಂಕ್ ದಳದ ಕಿರಿಯ ಅಧಿಕಾರಿ), ಬೀದರ್ ಕಡೆಯವರು. 1987ರಲ್ಲಿ ಶ್ರೀಲಂಕಾದ ಜಾಫ್ನಾಕ್ಕೆ ಹೋದ ಭಾರತದ ಶಾಂತಿಪಾಲನಾ ಪಡೆಯಲ್ಲಿ ಮೂರು ಟಿ-72 ಟ್ಯಾಂಕುಗಳ ಟ್ರೂಪ್ ಅವರ ಕೈಯಲ್ಲಿತ್ತು. ಇಲ್ಲಿನ ವಾಯುನೆಲೆಯ ಹಾಕ್ ತರಬೇತಿ ವಿಮಾನ ಮನೆ ಮೇಲೆ ಹಾರಿದರೆ ಮೈಯೆಲ್ಲ ಬೆವರು. ನಿದ್ದೆಗೆಂದು ದಿನಾ ಕ್ವಾರ್ಟರ್. ನಮ್ಮ ಆಪ್ತಸಮಾಲೋಚನೆಗೆ ಕರೆತಂದವರು ಸೊಸೆ. ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡ ಅಳೆಯುವ ಪಿಸಿಎಲ್-5 ಪ್ರಶ್ನಾವಳಿಯಲ್ಲಿ 80ಕ್ಕೆ 52 ಬಂತು; 33 ದಾಟಿದರೆ ಮನೋವೈದ್ಯರು ನೋಡಲೇಬೇಕು.

ಮೂರನೇ ಭೇಟಿಯಲ್ಲಿ ಬಾಯಿಬಿಟ್ಟರು. ಓಣಿಯಲ್ಲಿ ರಾಕೆಟ್ ಬಂದಾಗ ಚಾಲಕನಿಗೆ "ಪೀಛೆ" (ಹಿಂದಕ್ಕೆ) ಎಂದಿದ್ದರು. ಗೋಡೆಗೂ ಟ್ಯಾಂಕಿಗೂ ನಡುವೆ ಪದಾತಿದಳದ ಜವಾನನೊಬ್ಬ ಸಿಕ್ಕಿಕೊಂಡ. "ನಾ ನೋಡಬೇಕಾಗಿತ್ರಿ. ಬಾಜೂಕ ಇದ್ದ ಅಂವ."

"ನಿಮ್ಮ ತಪ್ಪಲ್ಲ ಬಿಡ್ರಿ" ಎಂದು ಮನೆಯವರು ಹೇಳುತ್ತಲೇ ಬಂದಿದ್ದಾರೆ, ಆದದ್ದೇನೆಂದು ಕೇಳದೆ. ಆ ಸಮಾಧಾನ ಅವರಿಗೆ ತಾಕಿಲ್ಲ.

ಮೇಜಿನ ಮೇಲೆ ಕಡ್ಡಿಪೆಟ್ಟಿಗೆ ಇಟ್ಟು, ಮುಚ್ಚಳ ಹಾಕಿದ ಟ್ಯಾಂಕಿನಿಂದ ಕಾಣುವಷ್ಟನ್ನೇ ಸುತ್ತ ಬರೆಯಲು ಹೇಳಿದೆವು. ಒಳಗಿರುವವರು ಮೂವರು. ಪೆರಿಸ್ಕೋಪಿನ ಸೀಳಿನಲ್ಲಿ ದೂರ ಕಾಣುತ್ತದೆ, ಮಗ್ಗುಲಿಗೆ ಅಂಟಿ ನಿಂತವನು ಕಾಣುವುದಿಲ್ಲ. ಫಿರಂಗಿ ಸುಮಾರು 14 ಡಿಗ್ರಿಗಿಂತ ಮೇಲೇಳದು. 10 ಮೀಟರ್ ದೂರದ ಎರಡನೇ ಮಹಡಿ ಅದಕ್ಕೆ ಸಿಗದು. ಮಹಡಿಗಳ ಮೇಲೆ ಕಣ್ಣಿಡಲು ಜವಾನರು ಅಷ್ಟು ಹತ್ತಿರ ನಡೆಯಬೇಕು. ಆ ದಿನ ಜವಾನರ ವೈರ್‌ಲೆಸ್ ಟ್ಯಾಂಕಿನದಕ್ಕಿಂತ ಬೇರೆ ಫ್ರೀಕ್ವೆನ್ಸಿಯಲ್ಲಿತ್ತು. ಗೆರೆ ಎಳೆಯುತ್ತಿದ್ದ ಬೆರಳು ಪೆಟ್ಟಿಗೆಯ ಎಡ ಮಗ್ಗುಲಲ್ಲಿ ನಿಂತಿತು. ಬಹಳ ಹೊತ್ತು ಹಾಗೇ ಇತ್ತು.

ಆಮೇಲೆ ಆದದ್ದಕ್ಕೆ ಯಾರದು, ಯಾವುದರದು ಎಷ್ಟು ಪಾಲು ಎಂದು ನೂರರಲ್ಲಿ ಹೊಣೆ ಹಂಚಿಸಿದೆವು. ಮೊದಲು ತಮಗೇ ನೂರಕ್ಕೆ 90 ಬರೆದುಕೊಂಡಿದ್ದರು. ಈ ಸಲ ರಾಕೆಟ್ ಬಿಟ್ಟವನು, ಓಣಿಯ ಅಗಲ, ವೈರ್‌ಲೆಸ್ ಮೊದಲು. ತಮ್ಮ ಹೆಸರು ಕೊನೆಗೆ. ಹೆಸರು ಮೊದಲೇ ಬಂದರೆ ಪಾಲೆಲ್ಲ ಅಲ್ಲೇ ಹೋಗುತ್ತದೆ. ಕೊನೆಗೆ 20 ಉಳಿಯಿತು. ಅದನ್ನು ನಾವು ಸೊನ್ನೆಗಿಳಿಸಲು ಹೋಗಲಿಲ್ಲ.

ಕೊಟ್ಟ ಸಲಹೆ: ಕುಡಿತವನ್ನು ಒಮ್ಮೆಲೇ ಬಿಡಬೇಡಿ, ಕೈನಡುಕ, ಫಿಟ್ಸ್ ಬರಬಹುದು, ವೈದ್ಯರ ಮಾತಿನಂತೆ ಇಳಿಸಿ. ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜು ಬ್ರಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಚೀಟಿ ಬರೆದೆವು. ರಾತ್ರಿ ತಡೆಯಲಾಗದಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಉಸಿರು 4 ಎಣಿಸಿ ಒಳಗೆ, 6 ಎಣಿಸಿ ಹೊರಗೆ, ಹತ್ತು ಸಲ. ಇದನ್ನು ನೆಮ್ಮದಿಯ ಹೊತ್ತಿನಲ್ಲೇ ರೂಢಿಸಬೇಕು, ಗಾಬರಿಯಲ್ಲಿ ಹೊಸದಾಗಿ ಬರುವುದಿಲ್ಲ. ವಿಮಾನದ ಸದ್ದನ್ನು ಮೊದಲ ವಾರ ಒಳಕೋಣೆಯಲ್ಲಿ ಕೇಳಬೇಕು, ನಂತರ ಬಾಗಿಲಲ್ಲಿ, ಆಮೇಲೆ ಮಾಳಿಗೆ ಮೇಲೆ. ಅಂಜಿಕೆ ಅರ್ಧಕ್ಕಿಳಿಯುವ ಮುನ್ನ ಓಡಿ ಬಂದರೆ ಅದು ಇನ್ನೂ ಬಲಿಯುತ್ತದೆ.

ಉಳಿದ 20ಕ್ಕೆ ಆ ಜವಾನನಿಗೊಂದು ಪತ್ರ. ಅಂಚೆಗೆ ಹಾಕುವುದಲ್ಲ, ನಮ್ಮೆದುರು ಓದುವುದು. ಮುಂದಿನ ಭೇಟಿಗೆ ಎರಡು ಸಾಲು ಬರೆದು ತಂದಿದ್ದರು.